ದವಡೆ ಕೀಲಿಗೆ ಲೇಸರ್: ಬೆಳಕಿನ ಪ್ರಶ್ನೆ ಒಂದು, ಬಿಲ್ಲಿನ ಪ್ರಶ್ನೆ ಇನ್ನೊಂದು

ದವಡೆ ನೋವಿಗೆ ಶಸ್ತ್ರಚಿಕಿತ್ಸೆ ಬೇಡ, ಮಾತ್ರೆ ಬೇಡ, ಸೂಜಿಯೂ ಬೇಡ, ಲೇಸರ್ ಹಿಡಿದರೆ ಸಾಕು ಎನ್ನುವ ಜಾಹೀರಾತುಗಳು ಈಗ ಜಿಲ್ಲಾ ಕೇಂದ್ರಗಳ ಫಿಸಿಯೋಥೆರಪಿ ಕೇಂದ್ರಗಳಿಗೂ ಹಲ್ಲಿನ ಕ್ಲಿನಿಕ್ಕುಗಳಿಗೂ ಬಂದಿವೆ. ತುಮಕೂರಿನವರಾಗಲಿ, ಕೋಲಾರ, ಚಿಕ್ಕಬಳ್ಳಾಪುರದವರಾಗಲಿ ಮೊಬೈಲ್‌ನಲ್ಲಿ ಈ ನೋವಿನ ಬಗ್ಗೆ ಹುಡುಕಿದರೆ ಇಂಥವು ಸಾಲುಸಾಲಾಗಿ ಎದುರಾಗುತ್ತವೆ. ಅದೇ ಹುಡುಕಾಟದಲ್ಲಿ ತದ್ವಿರುದ್ಧವಾದ ಸುದ್ದಿಯೂ ಸಿಗುತ್ತದೆ. ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ಬಿಎಂಜೆ 2023ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಅಂತರರಾಷ್ಟ್ರೀಯ ಮಾರ್ಗಸೂಚಿಯು, ದೀರ್ಘಕಾಲದ ದವಡೆ ನೋವಿಗೆ ಕಡಿಮೆ ಶಕ್ತಿಯ ಲೇಸರ್ ಆಗಲಿ ವಿದ್ಯುತ್ ಮಿಡಿತದ ಟೆನ್ಸ್ ಯಂತ್ರವಾಗಲಿ ಬಳಸದಿರುವುದೇ ಲೇಸು ಎಂದಿತು. ಇನ್ನೊಂದಷ್ಟು ಸಂಶೋಧನಾ ಸಮೀಕ್ಷೆಗಳು ಲೇಸರ್‌ನಿಂದ ನೋವು ತಗ್ಗುತ್ತದೆ ಎನ್ನುತ್ತವೆ.

ಓದುಗರು ಗೊಂದಲಕ್ಕೆ ಬೀಳುವುದು ಸಹಜ. ವಿಚಿತ್ರವೆಂದರೆ ಮಾರ್ಗಸೂಚಿಯೂ ಸಮೀಕ್ಷೆಗಳೂ ಬಹುಮಟ್ಟಿಗೆ ನಿಜವನ್ನೇ ಹೇಳುತ್ತಿವೆ. ಬೆಳಕು ಕೆಲಸ ಮಾಡುತ್ತದೆಯೋ ಇಲ್ಲವೋ ಎಂಬ ವಾದದಲ್ಲೇ ನಿಂತರೆ ಅದಕ್ಕಿಂತ ತೂಕದ ಪ್ರಶ್ನೆ ತಪ್ಪಿಹೋಗುತ್ತದೆ: ಚಿಕಿತ್ಸೆಯ ಸರದಿಯಲ್ಲಿ ಯಂತ್ರ ಎಷ್ಟನೆಯದಾಗಿ ಬರಬೇಕು, ಈಗ ಎಷ್ಟನೆಯದಾಗಿ ಬರುತ್ತಿದೆ?

ಕಿವಿಯ ಮುಂದಿನ ಕೀಲು

ತೋರುಬೆರಳನ್ನು ಕಿವಿಯ ತೂತಿನ ಸ್ವಲ್ಪ ಮುಂದೆ ಇಟ್ಟುಕೊಂಡು ನಿಧಾನವಾಗಿ ಬಾಯಿ ತೆರೆದರೆ, ಚರ್ಮದಡಿ ಗುಂಡನೆಯ ಮೂಳೆಯೊಂದು ಮುಂದಕ್ಕೆ ಸರಿಯುವುದು ತಿಳಿಯುತ್ತದೆ. ಕೆಳದವಡೆ ತಲೆಬುರುಡೆಗೆ ಸೇರುವ ಕೀಲು ಅದು. ಬಾಗಿಲ ತಿರುಗಣಿಯಂತೆ ಬರೀ ತಿರುಗಿ ಸುಮ್ಮನಾಗುವುದಿಲ್ಲ. ಮೊದಲು ತಿರುಗಿ, ಆಮೇಲೆ ಮುಂದಕ್ಕೆ ಜಾರುತ್ತದೆ. ಎರಡು ಮೂಳೆಗಳ ನಡುವೆ ತೆಳುವಾದ ಮೆತ್ತೆಯಿದೆ. ಆ ಮೆತ್ತೆ ತನ್ನ ಜಾಗದಿಂದ ಕೊಂಚ ಸರಿದಿದ್ದರೆ ಬಾಯಿ ತೆರೆದಾಗ ಕಟಕ್ ಎಂದು ಸದ್ದಾಗುತ್ತದೆ. ಸದ್ದು ಮಾತ್ರ ಇದ್ದು ನೋವಿಲ್ಲದಿದ್ದರೆ, ಬಾಯಿ ಸರಿಯಾಗಿ ತೆರೆಯುತ್ತಿದ್ದರೆ, ಸಾಮಾನ್ಯವಾಗಿ ಯಾವ ಚಿಕಿತ್ಸೆಯೂ ಬೇಕಿಲ್ಲ. ಇಷ್ಟು ಮಾತು ಎಲ್ಲರಿಗೂ ತಿಳಿದಿದ್ದರೆ ಒಂದು ಪಾಲು ಲೇಸರ್ ಸಿಟ್ಟಿಂಗ್‌ಗಳು ನಡೆಯುತ್ತಲೇ ಇರಲಿಲ್ಲ.

ನೋವಿನ ಮೂಲ ಬಹಳ ಮಂದಿಯಲ್ಲಿ ಕೀಲಿನೊಳಗೆ ಇರುವುದಿಲ್ಲ, ಅಗಿಯುವ ಸ್ನಾಯುಗಳಲ್ಲಿರುತ್ತದೆ. ನಿದ್ದೆಯಲ್ಲಿ ಹಲ್ಲು ಕಡಿಯುವುದು, ಹಗಲು ಗೊತ್ತಿಲ್ಲದೆ ಹಲ್ಲು ಬಿಗಿಹಿಡಿಯುವುದು, ಮನಸ್ಸಿನ ಒತ್ತಡ, ನಿದ್ದೆಗೇಡು ಇವೆಲ್ಲ ಸೇರಿ ಕೆನ್ನೆ, ಕಪಾಲ, ಕಿವಿಯ ಸುತ್ತ ನೋವು ಹರಡುತ್ತದೆ. ನಸುಕಿಗೆ ತುಮಕೂರಿನಲ್ಲಿ ರೈಲು ಹತ್ತಿ ಬೆಂಗಳೂರಿನಲ್ಲಿ ದುಡಿದು ರಾತ್ರಿ ಮರಳುವವರು, ನರಸಾಪುರ, ವೇಮಗಲ್‌ನ ಕಾರ್ಖಾನೆಗಳಲ್ಲಿ ಪಾಳಿ ಬದಲಿಸುತ್ತಾ ನಿದ್ದೆ ಕಳೆದುಕೊಳ್ಳುವವರು, ನೀಟ್ ಪರೀಕ್ಷೆಯ ವರ್ಷದ ಪಿಯುಸಿ ಮಕ್ಕಳು, ಇವರೆಲ್ಲರ ದಿನಚರಿಯಲ್ಲಿ ಆ ಕಾರಣಗಳು ಬೇಕಾದಷ್ಟಿವೆ. ಜನಸಂಖ್ಯೆಯ ಶೇಕಡ 5ರಿಂದ 12ರಷ್ಟು ಮಂದಿಗೆ ದವಡೆ ಕೀಲಿನ ತೊಂದರೆ ಇರಬಹುದು ಎಂಬುದು ಅಮೆರಿಕದ ರಾಷ್ಟ್ರೀಯ ದಂತ ಸಂಶೋಧನಾ ಸಂಸ್ಥೆ ಕೊಡುವ ಅಂದಾಜು. ಗಂಡಸರಿಗಿಂತ ಹೆಂಗಸರಲ್ಲಿ, ಅದರಲ್ಲೂ ನಡುವಯಸ್ಸಿನ ಒಳಗಿನವರಲ್ಲಿ ಹೆಚ್ಚು.

ಇನ್ನು ಮುಂದಿನ ವಾದಕ್ಕೆಲ್ಲ ಬುಡವಾಗಿರುವ ಸಂಗತಿಯೊಂದಿದೆ. ಈ ನೋವು ಏರುತ್ತದೆ, ಇಳಿಯುತ್ತದೆ, ಹೆಚ್ಚಿನವರಲ್ಲಿ ವಾರಗಳಲ್ಲೋ ತಿಂಗಳುಗಳಲ್ಲೋ ತಾನಾಗಿಯೇ ತಗ್ಗುತ್ತದೆ. ಕೆಲವರಲ್ಲಿ ಮಾತ್ರ ಮೂರು ತಿಂಗಳು ದಾಟಿ ಬೇರೂರುತ್ತದೆ.

ಯಂತ್ರಗಳು ಮಾಡುವುದೇನು

ನಮ್ಮ ಕಡೆ ಫಿಸಿಯೋಥೆರಪಿಗೆ ಹೋಗಿ ಬಂದವರು 'ಕರೆಂಟ್ ಕೊಟ್ಟರು', 'ಲೈಟ್ ಹಿಡಿದರು' ಎನ್ನುತ್ತಾರೆ. ಎರಡೂ ಬೇರೆ ಬೇರೆ ಸಂಗತಿ.

ಕರೆಂಟ್ ಎಂದರೆ ಹೆಚ್ಚಾಗಿ ಟೆನ್ಸ್. ಚರ್ಮಕ್ಕೆ ಅಂಟಿಸಿದ ಪಟ್ಟಿಗಳ ಮೂಲಕ ಸಣ್ಣ ವಿದ್ಯುತ್ ಮಿಡಿತ ಹರಿಯುತ್ತದೆ, ಜುಮುಜುಮು ಎನ್ನಿಸುತ್ತದೆ. ಆ ಸ್ಪರ್ಶದ ಸುದ್ದಿ ಬೆನ್ನುಹುರಿಯಲ್ಲಿ, ಮುಖದ ವಿಷಯದಲ್ಲಾದರೆ ಮಿದುಳುಕಾಂಡದಲ್ಲಿ, ನೋವಿನ ಸುದ್ದಿಗೆ ಅಡ್ಡನಿಲ್ಲುತ್ತದೆ ಎಂಬುದು ಸಂಶೋಧಕರಾದ ಮೆಲ್ಜ್ಯಾಕ್ ಮತ್ತು ವಾಲ್ 1965ರಲ್ಲಿ ಮುಂದಿಟ್ಟ ಸಿದ್ಧಾಂತದ ಸಾರ. ಯಂತ್ರ ನಡೆಯುತ್ತಿರುವಷ್ಟು ಹೊತ್ತು, ಆಮೇಲೆ ಇನ್ನು ಸ್ವಲ್ಪ ಹೊತ್ತು ನೋವು ಮರೆಯಾಗಬಹುದು. ಅಲ್ಟ್ರಾಸೌಂಡ್ ಯಂತ್ರದ್ದು ಬೇರೆ ಕೆಲಸ: 1 ಅಥವಾ 3 ಮೆಗಾಹರ್ಟ್ಸ್‌ನ ಶಬ್ದತರಂಗದಿಂದ ಒಳಗಿನ ಅಂಗಾಂಶಕ್ಕೆ ಶಾಖ ತಲುಪಿಸುವುದು.

ಲೈಟ್ ಎಂದರೆ ಕಡಿಮೆ ಶಕ್ತಿಯ ಲೇಸರ್. 1967ರಲ್ಲಿ ಬುಡಾಪೆಸ್ಟ್‌ನ ವೈದ್ಯ ಎಂಡ್ರೆ ಮೆಸ್ಟರ್, ಇಲಿಗಳ ಬೋಳಿಸಿದ ಬೆನ್ನಿನ ಮೇಲೆ ಮಂದವಾದ ಕೆಂಪು ಲೇಸರ್ ಬಿಟ್ಟಾಗ ಕೂದಲು ಬೇಗ ಬೆಳೆದದ್ದನ್ನು ಗಮನಿಸಿದರು. ಈ ವಿದ್ಯೆಯ ಕಥೆ ಶುರುವಾಗುವುದು ಅಲ್ಲಿಂದ. ಈಗ ಅದಕ್ಕೆ ಫೋಟೋಬಯೋಮಾಡ್ಯುಲೇಷನ್ ಎಂಬ ಉದ್ದದ ಹೆಸರಿದೆ. ಸುಮಾರು 600ರಿಂದ 1000 ನ್ಯಾನೋಮೀಟರ್ ತರಂಗಾಂತರದ ಕೆಂಪು, ಅತಿಗೆಂಪು ಬೆಳಕನ್ನು ಜೀವಕೋಶದ ಮೈಟೊಕಾಂಡ್ರಿಯಾದಲ್ಲಿರುವ ಕಿಣ್ವವೊಂದು ಹೀರಿಕೊಂಡು, ಶಕ್ತಿ ಉತ್ಪಾದನೆ ಚುರುಕಾಗಿ, ಉರಿಯೂತ ತಗ್ಗುತ್ತದೆ ಎಂಬುದು ಹೆಚ್ಚು ಒಪ್ಪಿತವಾದ ವಿವರಣೆ. ಚಿಕಿತ್ಸೆ ನೋಡಲು ಬಹಳ ಸಪ್ಪೆ. ರೋಗಿಗೂ ಯಂತ್ರ ಹಿಡಿದವರಿಗೂ ಬಣ್ಣದ ಕನ್ನಡಕ, ಪೆನ್ನಿನಂಥ ತುದಿಯನ್ನು ಕಿವಿಯ ಮುಂದೆ, ಕೆನ್ನೆಯ ಸ್ನಾಯುವಿನ ಮೇಲೆ ಒಂದೊಂದೇ ಬಿಂದುವಿನಲ್ಲಿ ಸ್ವಲ್ಪ ಹೊತ್ತು ಒತ್ತಿ ಹಿಡಿಯುವುದು, ಬೀಪ್ ಎಂದ ಮೇಲೆ ಮುಂದಿನ ಬಿಂದು. ಏನೂ ಅನುಭವಕ್ಕೆ ಬರುವುದಿಲ್ಲ. ಕನ್ನಡಕ ಕೊಡದೆ ಲೇಸರ್ ಹಿಡಿಯುವ ಕಡೆಯಿಂದ ಎದ್ದು ಬರುವುದು ಒಳ್ಳೆಯದು. ಕಣ್ಣಿನ ಅಕ್ಷಿಪಟಲಕ್ಕೆ ಅಪಾಯವಿದೆ.

ಇವುಗಳ ಪಕ್ಕದಲ್ಲೇ ರೇಖಿ ಮುಂತಾದ ಶಕ್ತಿ ಚಿಕಿತ್ಸೆಗಳೂ ಮಾರಾಟಕ್ಕಿವೆ. ಲೇಸರ್ ಎಷ್ಟು ಜೌಲ್ ಶಕ್ತಿ ಕೊಟ್ಟಿತು ಎಂದು ಅಳೆಯಬಹುದು, ಟೆನ್ಸ್ ಎಷ್ಟು ಮಿಲಿಆಂಪಿಯರ್ ಎಂದು ಅಳೆಯಬಹುದು. ಅಂಗೈಯಿಂದ ಹರಿಯುತ್ತದೆ ಎನ್ನುವ ಶಕ್ತಿಯನ್ನು ಯಾವ ಉಪಕರಣವೂ ಅಳೆದಿಲ್ಲ. ಅಮೆರಿಕದ ಎಮಿಲಿ ರೋಸಾ ಎಂಬ ಬಾಲಕಿ ಮಾಡಿದ ಸರಳ ಪ್ರಯೋಗ 1998ರಲ್ಲಿ ಅಮೆರಿಕನ್ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಮೈ ಮುಟ್ಟದೆ ಶಕ್ತಿಯನ್ನು ಗ್ರಹಿಸುತ್ತೇವೆ ಎನ್ನುವ 21 ಚಿಕಿತ್ಸಕರು, ತೆರೆಯ ಆಚೆ ಹುಡುಗಿಯ ಕೈ ತಮ್ಮ ಯಾವ ಕೈಯ ಹತ್ತಿರವಿದೆ ಎಂದು ಹೇಳಬೇಕಿತ್ತು. ಸರಿಯಾಗಿ ಹೇಳಿದ್ದು ಶೇಕಡ 44ರಷ್ಟು ಸಲ. ನಾಣ್ಯ ಚಿಮ್ಮಿದ್ದರೆ ಅದಕ್ಕಿಂತ ಚೆನ್ನಾಗಿರುತ್ತಿತ್ತು. ಈ ಬಗೆಯ ಚಿಕಿತ್ಸೆಯಲ್ಲಿ ಆರಾಮವಾಗಿ ಮಲಗಿದ ಸುಖ ಸಿಗಬಹುದು, ಅದು ಸಿಕ್ಕರೆ ಒಳ್ಳೆಯದೇ. ಆದರೆ ಅದನ್ನು ಲೇಸರ್ ಜೊತೆ ಒಂದೇ ಪಟ್ಟಿಯಲ್ಲಿಟ್ಟು ಚರ್ಚಿಸುವುದು ಎರಡಕ್ಕೂ ಅನ್ಯಾಯ.

ಮಾರ್ಗಸೂಚಿ ನಿಜವಾಗಿ ಹೇಳಿದ್ದು

ಬಿಎಂಜೆ ಮಾರ್ಗಸೂಚಿಯ ಹಿಂದಿರುವ ವಿಶ್ಲೇಷಣೆಯಲ್ಲಿ 153 ಪ್ರಯೋಗಗಳನ್ನು ಒಟ್ಟುಗೂಡಿಸಿ 59 ಬಗೆಯ ಚಿಕಿತ್ಸೆಗಳನ್ನು ಹೋಲಿಸಲಾಗಿದೆ. ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿದ ನೋವಿಗೆ ಮಾತ್ರ ಅದು ಅನ್ವಯಿಸುತ್ತದೆ. ನಿನ್ನೆ ಕಬ್ಬು ಅಗಿದು ಇವತ್ತು ದವಡೆ ಹಿಡಿದುಕೊಂಡವರ ವಿಷಯ ಅದರಲ್ಲಿಲ್ಲ.

ಗಟ್ಟಿಯಾಗಿ ಶಿಫಾರಸು ಮಾಡಿದ್ದು ಇವನ್ನು: ನೋವನ್ನು ನೋಡುವ, ನಿಭಾಯಿಸುವ ರೀತಿಯನ್ನು ಬದಲಿಸುವ ಮನೋಚಿಕಿತ್ಸೆ, ತರಬೇತಾದವರು ಕೈಯಿಂದ ದವಡೆಯನ್ನು ಸಡಿಲಿಸುವುದು, ಗಂಟುಕಟ್ಟಿದ ಸ್ನಾಯುವನ್ನು ಕೈಯಿಂದ ಒತ್ತಿ ಬಿಡಿಸುವುದು, ಮೇಲ್ವಿಚಾರಣೆಯಲ್ಲಿ ಕತ್ತು ಮತ್ತು ದವಡೆಯ ವ್ಯಾಯಾಮ, ಮನೆಯಲ್ಲಿ ಮಾಡುವ ವ್ಯಾಯಾಮದ ಜೊತೆಗೆ ಧೈರ್ಯ ಮತ್ತು ತಿಳಿವಳಿಕೆ. ಗಟ್ಟಿಯಾಗಿ ಬೇಡ ಎಂದದ್ದು: ಹಲ್ಲಿನ ಕಚ್ಚುವಿಕೆಯನ್ನೇ ಶಾಶ್ವತವಾಗಿ ಬದಲಿಸುವ ಸ್ಪ್ಲಿಂಟ್ (ಹಲ್ಲಿನ ಮೇಲೆ ಕೂರಿಸುವ ಅಚ್ಚು), ಮೆತ್ತೆಯನ್ನು ತೆಗೆದುಹಾಕುವ ಶಸ್ತ್ರಚಿಕಿತ್ಸೆ, ಉರಿಯೂತ ತಗ್ಗಿಸುವ ಮಾತ್ರೆಯ ಜೊತೆ ಅಫೀಮು ಜಾತಿಯ ನೋವು ನಿವಾರಕ. ಲೇಸರ್ ಮತ್ತು ಟೆನ್ಸ್ ಈ ಎರಡು ತುದಿಗಳ ನಡುವೆ, ಷರತ್ತಿನ ಮೇಲೆ ಬೇಡ ಎಂಬ ಗುಂಪಿನಲ್ಲಿವೆ. ಆ ಗುಂಪಿನಲ್ಲಿ ಅವು ಒಂಟಿಯೇನಲ್ಲ. ಹಲ್ಲಿನ ವೈದ್ಯರು ರಾತ್ರಿ ಹಾಕಿಕೊಳ್ಳಲು ಕೊಡುವ, ಬೇಕಾದಾಗ ತೆಗೆಯಬಹುದಾದ ಸ್ಪ್ಲಿಂಟ್, ಬೊಟಾಕ್ಸ್ ಚುಚ್ಚುಮದ್ದು, ಕೊನೆಗೆ ಪ್ಯಾರಾಸಿಟಮಾಲ್ ಕೂಡ ಅಲ್ಲೇ ಇವೆ.

ಷರತ್ತಿನ ಮೇಲೆ ಬೇಡ ಎಂದರೆ ನಿಷೇಧವಲ್ಲ. ಲಾಭ ಸಣ್ಣದು ಅಥವಾ ಅನಿಶ್ಚಿತ, ಖರ್ಚು ಮತ್ತು ತೊಂದರೆ ಖಚಿತ. ಎಲ್ಲ ತಿಳಿದ ಮೇಲೆ ಬಹುಪಾಲು ರೋಗಿಗಳು ಬೇಡ ಎನ್ನುತ್ತಾರೆ, ಕೆಲವರು ಇರಲಿ ಎನ್ನಬಹುದು ಎಂದಷ್ಟೇ ಅದರ ಅರ್ಥ. ತಲೆಬರಹಗಳಲ್ಲಿ ಈ ವ್ಯತ್ಯಾಸ ಉಳಿಯುವುದಿಲ್ಲ.

ಇಲಾಜು ಇಲ್ಲದವರಿಗೂ ಕಡಿಮೆಯಾಗುವುದೇಕೆ

ಪ್ರಯೋಗಗಳು ಪರಸ್ಪರ ಒಪ್ಪದಿರಲು ಕಾರಣಗಳಿವೆ. ಜನ ವೈದ್ಯರ ಬಳಿ ಹೋಗುವುದು ನೋವು ತುದಿಗೇರಿದಾಗ. ತುದಿಗೇರಿದ್ದು ಇಳಿಯಲೇಬೇಕು. ವಾರಕ್ಕೆ ಎರಡು ಮೂರು ಸಲದಂತೆ ಒಂದು ತಿಂಗಳ ಲೇಸರ್ ಮುಗಿಯುವ ಹೊತ್ತಿಗೆ, ಲೇಸರ್ ಇಲ್ಲದಿದ್ದರೂ ಇಳಿಯಬೇಕಾದಷ್ಟು ಇಳಿದಿರುತ್ತದೆ. ಕೀರ್ತಿ ಯಂತ್ರಕ್ಕೆ. ಇದನ್ನು ಬೇರ್ಪಡಿಸಲೆಂದೇ ಒಳ್ಳೆಯ ಪ್ರಯೋಗಗಳಲ್ಲಿ ಅರ್ಧ ಮಂದಿಗೆ ಸ್ವಿಚ್ ಹಾಕದ ಲೇಸರ್ ಹಿಡಿಯುತ್ತಾರೆ: ಅದೇ ಕನ್ನಡಕ, ಅದೇ ಪೆನ್ನು, ಅದೇ ಬೀಪ್, ಬೆಳಕು ಮಾತ್ರ ಇಲ್ಲ. ಆ ಗುಂಪಿನಲ್ಲೂ ನೋವು ಸಾಕಷ್ಟು ತಗ್ಗುತ್ತದೆ. ನಿಜವಾದ ಲೇಸರ್‌ನ ಹಿರಿಮೆ ಎಂದರೆ ಅದಕ್ಕಿಂತ ಮೇಲಿರುವ ಅಂತರವಷ್ಟೆ. ಕೆಲವು ಪ್ರಯೋಗಗಳಲ್ಲಿ ಅಂತರ ಕಾಣುತ್ತದೆ, ಕೆಲವದರಲ್ಲಿ ಇಲ್ಲ.

ಎರಡನೆಯ ತೊಡಕು ಪ್ರಮಾಣದ್ದು. ಒಬ್ಬರು 780 ನ್ಯಾನೋಮೀಟರ್ ಬಳಸುತ್ತಾರೆ, ಇನ್ನೊಬ್ಬರು 830, ಮತ್ತೊಬ್ಬರು 904. ಒಬ್ಬರು ಕೀಲಿನ ಮೇಲೆ, ಇನ್ನೊಬ್ಬರು ಸ್ನಾಯುವಿನ ಮೇಲೆ. ಸಿಟ್ಟಿಂಗ್‌ಗಳ ಸಂಖ್ಯೆಯೂ ಬೇರೆ ಬೇರೆ. ಈ ಬೆಳಕಿಗೆ ವಿಚಿತ್ರ ಗುಣವೊಂದಿದೆ ಎಂದು ಪ್ರಯೋಗಾಲಯದ ಅಧ್ಯಯನಗಳು ಹೇಳುತ್ತವೆ: ತೀರಾ ಕಡಿಮೆಯಾದರೆ ಪರಿಣಾಮವಿಲ್ಲ, ಹೆಚ್ಚಾದರೆ ಇರುವ ಪರಿಣಾಮವೂ ಅಳಿಯುತ್ತದೆ. ಹೀಗಿರುವಾಗ 'ಲೇಸರ್ ಕೊಟ್ಟೆವು' ಎನ್ನುವುದು 'ಮಾತ್ರೆ ಕೊಟ್ಟೆವು' ಎಂದಂತೆ. ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ? ಜಾಹೀರಾತಿನ ಲೇಸರ್‌ಗೂ ಪ್ರಯೋಗದಲ್ಲಿ ಗೆದ್ದ ಲೇಸರ್‌ಗೂ ಹೆಸರೊಂದೇ ಆಗಿರಬಹುದು, ಪ್ರಮಾಣ ಒಂದೇ ಆಗಿರಬೇಕಿಲ್ಲ.

ಇದರ ಮೇಲೆ ಪ್ರಯೋಗಗಳು ಸಣ್ಣವು, ಹಿಂಬಾಲಿಸಿ ನೋಡಿದ ಅವಧಿ ಚಿಕ್ಕದು. ಆರು ತಿಂಗಳ ನಂತರ ಏನಾಯಿತು ಎಂಬ ಉತ್ತರ ಬಹಳ ಕಡೆ ಇಲ್ಲ. ಮಾರ್ಗಸೂಚಿ ಹಿಂಜರಿದದ್ದು ಇದಕ್ಕೆ.

ಲೇಸರ್ ಪರ ನಿಲ್ಲುವವರ ವಾದ

ಅವರ ವಾದವನ್ನು ತಳ್ಳಿಹಾಕುವಂತಿಲ್ಲ. ಬೆಳಕಿನ ಚಿಕಿತ್ಸೆ ಬೂಟಾಟಿಕೆಯಲ್ಲ ಎಂಬುದಕ್ಕೆ ಗಟ್ಟಿ ಉದಾಹರಣೆಯಿದೆ: ಕ್ಯಾನ್ಸರ್‌ನ ಕೀಮೋ, ವಿಕಿರಣ ಚಿಕಿತ್ಸೆ ಪಡೆಯುವವರ ಬಾಯಿಯಲ್ಲಿ ಏಳುವ ಭೀಕರ ಹುಣ್ಣುಗಳನ್ನು ತಡೆಯಲು ಇದೇ ಕಡಿಮೆ ಶಕ್ತಿಯ ಲೇಸರ್ ಅನ್ನು ಅಂತರರಾಷ್ಟ್ರೀಯ ತಜ್ಞ ಸಂಘಗಳು ಶಿಫಾರಸು ಮಾಡುತ್ತವೆ. ದವಡೆಯ ವಿಷಯದಲ್ಲೂ ಸರಿಯಾಗಿ ಬಳಸಿದಾಗ ಅಡ್ಡಪರಿಣಾಮ ಬಹಳ ಕಡಿಮೆ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇದ್ದು ನೋವಿನ ಮಾತ್ರೆ ನುಂಗಲಾಗದವರಿಗೆ ಇನ್ನೇನು ಕೊಡಬೇಕು ಎಂದು ಅವರು ಕೇಳುತ್ತಾರೆ. ಸ್ನಾಯುವಿನ ನೋವು, ಕೀಲಿನ ಸವೆತ, ಮೆತ್ತೆ ಜಾರಿಕೆ ಎಲ್ಲವನ್ನೂ ಒಂದೇ ರಾಶಿಗೆ ಹಾಕಿ ಸರಾಸರಿ ತೆಗೆದರೆ ಯಾರಿಗೋ ಆಗುವ ಲಾಭ ಮುಚ್ಚಿಹೋಗುತ್ತದೆ ಎಂಬ ಆಕ್ಷೇಪವೂ ಇದೆ.

ಅವರ ಅತಿ ಬಲವಾದ ವಾದ ಬೇರೆ. ಮಾರ್ಗಸೂಚಿ ಮೊದಲ ಸಾಲಿನಲ್ಲಿ ಹೇಳುವ ಮನೋಚಿಕಿತ್ಸೆಯನ್ನು ಗುಡಿಬಂಡೆಯವರೋ ಶ್ರೀನಿವಾಸಪುರದವರೋ ಎಲ್ಲಿ ಪಡೆಯಬೇಕು? ನೋವಿನ ರೋಗಿಯ ಜೊತೆ ವಾರಗಟ್ಟಲೆ ಕೂತು ಮಾತಾಡುವ ಮನಶ್ಶಾಸ್ತ್ರಜ್ಞರು ತಾಲ್ಲೂಕು ಮಟ್ಟದಲ್ಲಿ ಸಿಗುವುದು ದುರ್ಲಭ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ, 14416, ಒತ್ತಡ ಮತ್ತು ನಿದ್ರಾಹೀನತೆಯ ವಿಷಯದಲ್ಲಿ ನೆರವಾಗಬಹುದು. ದವಡೆ ನೋವಿಗೆಂದು ರೂಪಿಸಿದ್ದಲ್ಲ. ಸಿಗದ ಒಳ್ಳೆಯ ಚಿಕಿತ್ಸೆಗಿಂತ ಸಿಗುವ ಸಾಧಾರಣ ಚಿಕಿತ್ಸೆ ವಾಸಿ ಎಂಬ ಮಾತಿಗೆ ಇಲ್ಲಿ ಬೆಲೆಯಿದೆ. ಆದರೆ ಅದು ಅರ್ಧ ದಾರಿಗೇ ನಿಲ್ಲುತ್ತದೆ. ಮಾರ್ಗಸೂಚಿಯ ಪಟ್ಟಿಯಲ್ಲಿ ಮನೋಚಿಕಿತ್ಸೆಯ ಪಕ್ಕದಲ್ಲೇ ವ್ಯಾಯಾಮವೂ ಕೈಚಿಕಿತ್ಸೆಯೂ ಇವೆ, ಮತ್ತು ಅವನ್ನು ಕಲಿಸಬಲ್ಲವರು ಲೇಸರ್ ಇಟ್ಟುಕೊಂಡಿರುವ ಅದೇ ಫಿಸಿಯೋಥೆರಪಿಸ್ಟರು.

ಎಫ್‌ಡಿಎ ಮುದ್ರೆ ಎಷ್ಟು ದೂರ ಬರುತ್ತದೆ

ಜಾಹೀರಾತುಗಳ ಅಚ್ಚುಮೆಚ್ಚಿನ ಮಾತು 'ಅಮೆರಿಕದ ಎಫ್‌ಡಿಎ ಮಾನ್ಯತೆ'. ಎಫ್‌ಡಿಎ ಎಂದರೆ ಅಲ್ಲಿನ ಔಷಧ ಮತ್ತು ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ. ಈ ವರ್ಗದ ಬಹುತೇಕ ಯಂತ್ರಗಳು ಅಲ್ಲಿ ದಾಟಿರುವುದು 510(ಕೆ) ಎಂಬ ಬಾಗಿಲನ್ನು. ಮಾರುಕಟ್ಟೆಯಲ್ಲಿ ಈಗಾಗಲೇ ಇರುವ ಯಂತ್ರಕ್ಕೆ ನಮ್ಮದೂ ಸಮಾನವಾಗಿದೆ ಎಂದು ತೋರಿಸಿದರೆ ಆ ಬಾಗಿಲು ತೆರೆಯುತ್ತದೆ. ದವಡೆ ನೋವು ವಾಸಿಯಾಯಿತು ಎಂದು ತೋರಿಸಬೇಕಿಲ್ಲ. ಹಲವು ಲೇಸರ್‌ಗಳಿಗೆ ಸಿಕ್ಕಿರುವ ಅನುಮತಿಯ ಮಾತುಗಳನ್ನು ಓದಿದರೆ, ಅತಿಗೆಂಪು ಶಾಖದ ದೀಪದ ಸಾಲಿನಲ್ಲಿ, ಸ್ನಾಯು ಮತ್ತು ಕೀಲುಗಳ ಸಣ್ಣಪುಟ್ಟ ನೋವಿನ ತಾತ್ಕಾಲಿಕ ಶಮನಕ್ಕೆ ಎಂದಷ್ಟೇ ಇರುತ್ತದೆ.

ದವಡೆ ಕೀಲಿನ ಚರಿತ್ರೆಯಲ್ಲೇ ಇದಕ್ಕೆ ಕಹಿ ಪಾಠವಿದೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಹಾಳಾದ ಮೆತ್ತೆಯನ್ನು ತೆಗೆದು ಅಲ್ಲಿ ಟೆಫ್ಲಾನ್ ಲೇಪಿತ ಕಸಿಯನ್ನು ಕೂರಿಸುವುದು ಚಾಲ್ತಿಗೆ ಬಂತು. ಅದೂ ಇದೇ ಬಾಗಿಲಿನಿಂದಲೇ ಬಂದಿತ್ತು. ಅಗಿತದ ಒತ್ತಡಕ್ಕೆ ಆ ಕಸಿ ಪುಡಿಯಾಗಿ, ಅದರ ಚೂರುಗಳಿಗೆ ದೇಹ ಪ್ರತಿಕ್ರಿಯಿಸಿ, ಸುತ್ತಲಿನ ಮೂಳೆಯೇ ಕರಗತೊಡಗಿತು. 1990ರ ದಶಕದ ಆರಂಭದಲ್ಲಿ ಅವನ್ನು ವಾಪಸು ಪಡೆಯಬೇಕಾಯಿತು. ಆಗಿನಿಂದ ತಜ್ಞರ ಒಲವು ಹಿಂದಿರುಗಿಸಬಹುದಾದ ಚಿಕಿತ್ಸೆಗಳ ಕಡೆ ತಿರುಗಿದೆ. ಅಮೆರಿಕದ ದಂತ ಸಂಶೋಧನಾ ಸಂಘ 2010ರಲ್ಲಿ ಅದನ್ನೇ ನೀತಿಯಾಗಿ ಹೇಳಿತು. ಲೇಸರ್‌ಗೆ ಇವತ್ತು ಸಿಗುತ್ತಿರುವ ಮರ್ಯಾದೆಯ ಒಂದು ಪಾಲು ಅದು ಕತ್ತರಿಸುವುದಿಲ್ಲ ಎಂಬುದರಿಂದ ಬಂದದ್ದು, ಮತ್ತು ಅಷ್ಟರಮಟ್ಟಿಗೆ ಆ ಮರ್ಯಾದೆ ನ್ಯಾಯವಾದದ್ದೇ.

ತುಮಕೂರಿನ ಅಡಿಕೆ, ಪಾವಗಡದ ನೀರು

ಹೊರದೇಶದ ಮಾರ್ಗಸೂಚಿಗಳು ಹೆಚ್ಚು ಹೊತ್ತು ನಿಲ್ಲದ ಜಾಗ ಇದು. ನಮ್ಮ ಜಿಲ್ಲೆಗಳಲ್ಲಿ 'ಬಾಯಿ ಸರಿಯಾಗಿ ತೆರೆಯುತ್ತಿಲ್ಲ' ಎಂದು ಬರುವವರ ಸಮಸ್ಯೆ ದವಡೆ ಕೀಲಿನದ್ದೇ ಆಗಿರಬೇಕಿಲ್ಲ.

ತುಮಕೂರು ಅಡಿಕೆ ಬೆಳೆಯುವ ಜಿಲ್ಲೆ. ಗುಬ್ಬಿ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಎಲೆ ಅಡಿಕೆ ಮರ್ಯಾದೆಯ ವಸ್ತು. ಮೂರೂ ಜಿಲ್ಲೆಗಳ ಬಸ್ ನಿಲ್ದಾಣದ ಅಂಗಡಿಗಳಲ್ಲಿ ಅಡಿಕೆ ಪುಡಿಯ ಪೊಟ್ಟಣಗಳು ಸರಮಾಲೆಯಾಗಿ ತೂಗುತ್ತವೆ. ರಾಜ್ಯ 2013ರಲ್ಲಿ ಗುಟ್ಕಾ ನಿಷೇಧಿಸಿತು; ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಮಾರುವ ಉಪಾಯ ಎಲ್ಲರಿಗೂ ಗೊತ್ತಿದೆ. ತಂಬಾಕಿಲ್ಲದ ಬರೀ ಅಡಿಕೆಯನ್ನೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೇಳಿದೆ.

ಅಡಿಕೆ ಸತತವಾಗಿ ಅಗಿಯುವವರಲ್ಲಿ ಕೆನ್ನೆಯ ಒಳಪದರ ನಾರುಗಟ್ಟುತ್ತಾ ಹೋಗುತ್ತದೆ. ಮೊದಲು ಖಾರ ತಾಕಿದರೆ ಉರಿ. ಸಾರು ಸಪ್ಪಗಿದ್ದರೂ ಉರಿ. ಆಮೇಲೆ ಕೆನ್ನೆಯ ಒಳಭಾಗ ಬಿಳಿಚಿಕೊಂಡು, ಬೆರಳಾಡಿಸಿದರೆ ಹಗ್ಗದಂಥ ಪಟ್ಟಿಗಳು ಸಿಗುತ್ತವೆ. ನಾಲಿಗೆ ಹೊರಚಾಚುವುದು ಕಷ್ಟವಾಗುತ್ತದೆ, ಸಿಳ್ಳೆ ಹಾಕಲು ಆಗುವುದಿಲ್ಲ, ಬಾಯಿ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತದೆ. ಇದು ಸಬ್‌ಮ್ಯೂಕಸ್ ಫೈಬ್ರೋಸಿಸ್; ಕ್ಯಾನ್ಸರ್‌ಗೆ ತಿರುಗಬಲ್ಲ ಸ್ಥಿತಿ. ಇಂಥವರನ್ನು ಕೂರಿಸಿ ಬಾಯೊಳಗೆ ಟಾರ್ಚ್ ಬಿಡದೆ ಕಿವಿಯ ಮುಂದೆ ಲೇಸರ್ ಹಿಡಿದರೆ ಆಗುವ ನಷ್ಟ ಸಿಟ್ಟಿಂಗ್‌ನ ದುಡ್ಡಿನದ್ದಲ್ಲ, ಕಳೆದುಹೋದ ತಿಂಗಳುಗಳದ್ದು. ಕ್ಯಾನ್ಸರ್ ಶಂಕೆಯಿರುವ ಜಾಗದ ಮೇಲೆ ನೋವಿಗೆಂದು ಈ ಬೆಳಕನ್ನು ಹಿಡಿಯಬಾರದು ಎಂಬ ಎಚ್ಚರಿಕೆಯೂ ಬೇರೆ ಇದೆ.

ವ್ಯತ್ಯಾಸ ಪತ್ತೆಹಚ್ಚಲು ದುಬಾರಿ ಸ್ಕ್ಯಾನ್ ಬೇಕಿಲ್ಲ. ಸಾಮಾನ್ಯವಾಗಿ ವಯಸ್ಕರ ಬಾಯಿ 40 ಮಿಲಿಮೀಟರ್‌ಗಿಂತ ಹೆಚ್ಚು ತೆರೆಯುತ್ತದೆ; ತನ್ನದೇ ಕೈಯ ಮೂರು ಬೆರಳು ಒಂದರ ಮೇಲೊಂದಾಗಿ ಮುಂದಿನ ಹಲ್ಲುಗಳ ನಡುವೆ ಹಿಡಿಸುತ್ತವೆ. ಹಿಡಿಸದಿದ್ದರೆ ಕಾರಣ ಹುಡುಕಬೇಕು. ಕೀಲು, ಸ್ನಾಯುಗಳ ತೊಂದರೆಯಾದರೆ ಕಿವಿಯ ಮುಂದೆಯೋ ಕೆನ್ನೆಯ ಸ್ನಾಯುವಿನಲ್ಲೋ ಒತ್ತಿದರೆ ನೋಯುತ್ತದೆ, ತೆರೆಯುವಾಗ ದವಡೆ ಒಂದು ಕಡೆಗೆ ವಾಲಬಹುದು. ಫೈಬ್ರೋಸಿಸ್‌ನಲ್ಲಿ ಕೀಲು ಸಾಮಾನ್ಯವಾಗಿ ನೋಯುವುದಿಲ್ಲ, ಬಾಯಿ ತೆರೆಯಲು ಕೆನ್ನೆ ಬಿಡುವುದಿಲ್ಲ.

ಪಾವಗಡ, ಬಾಗೇಪಲ್ಲಿ ಕಡೆಯವರಿಗೆ ಇನ್ನೊಂದು ಅನುಮಾನ: ಇದು ನೀರಿನಿಂದ ಬಂದದ್ದಿರಬಹುದೇ? ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ದಾರಿಯಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಆಳದ ಕೊಳವೆಬಾವಿಗಳನ್ನು ನೆಚ್ಚಿಕೊಂಡ ಈ ಸೀಮೆಯಲ್ಲಿ ಆ ಮಿತಿ ದಾಟಿದ ಊರುಗಳು ಬಹಳವಿದ್ದವು, ಹಾಗಾಗಿ ಅನುಮಾನ ಆಧಾರವಿಲ್ಲದ್ದಲ್ಲ. ಆದರೆ ಮೂಳೆಯ ಫ್ಲೋರೋಸಿಸ್ ಮುಖ್ಯವಾಗಿ ಬೆನ್ನು, ಕತ್ತು, ಸೊಂಟ, ಮಂಡಿಗಳನ್ನು ಹಿಡಿಯುತ್ತದೆ. ಅವೆಲ್ಲ ಚೆನ್ನಾಗಿದ್ದು ದವಡೆ ಮಾತ್ರ ನೋಯುತ್ತಿದ್ದರೆ ನೀರನ್ನು ದೂರುವ ಮುನ್ನ ಹಲ್ಲನ್ನು, ಸ್ನಾಯುವನ್ನು ನೋಡಿಸುವುದು ಒಳ್ಳೆಯದು.

ಕಾಯಲಾಗದ ಕೆಲವು ಸಂದರ್ಭಗಳಿವೆ. ನಡೆದಾಗ, ಮೆಟ್ಟಿಲೇರಿದಾಗ ಏಳುವ ದವಡೆ ನೋವು, ಬೆವರು ಅಥವಾ ಎದೆ ಬಿಗಿತದ ಜೊತೆಗಿನ ನೋವು ಹೃದಯದ್ದಾಗಿರಬಹುದು. ಗಾಯವಾದ ಬಳಿಕ ಬಾಯಿ ಗಟ್ಟಿಯಾಗಿ ಕಚ್ಚಿಕೊಂಡರೆ ಧನುರ್ವಾಯು. ಜ್ವರ, ಬಾವು ಇದ್ದರೆ ಬುದ್ಧಿಹಲ್ಲಿನ ಸೋಂಕು. ಐವತ್ತು ದಾಟಿದವರಲ್ಲಿ ಅಗಿಯುವಾಗ ದವಡೆ ಸೋತು, ಕಪಾಲ ನೋಯುತ್ತಾ, ದೃಷ್ಟಿ ಮಸುಕಾದರೆ ರಕ್ತನಾಳದ ಉರಿಯೂತವಿರಬಹುದು. ತಡವಾದರೆ ಕಣ್ಣು ಹೋಗಬಹುದು.

ಯಂತ್ರವೇ ಮೊದಲು ಬರುವುದೇಕೆ

ವೈದ್ಯರು ದುರಾಸೆಯವರು ಎಂದುಬಿಟ್ಟರೆ ವಿಶ್ಲೇಷಣೆ ಮುಗಿಯುತ್ತದೆ, ಆದರೆ ಅದು ಪೂರ್ತಿ ನಿಜವಲ್ಲ. ಒಬ್ಬ ರೋಗಿಗೆ ನೋವಿನ ಕಾರಣ ವಿವರಿಸಿ, ಹೆದರಿಕೆ ಬಿಡಿಸಿ, ವ್ಯಾಯಾಮ ಮಾಡಿಸಿ ತೋರಿಸಲು ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆಗೆ ಬಿಲ್ ಹಾಕುವ ರೂಢಿ ನಮ್ಮಲ್ಲಿಲ್ಲ. ಹಾಕಿದರೂ 'ಬರೀ ಮಾತಾಡಿ ಕಳಿಸಿದರು, ಕರೆಂಟೂ ಕೊಡಲಿಲ್ಲ, ಲೈಟೂ ಹಿಡಿಯಲಿಲ್ಲ' ಎಂದು ರೋಗಿಯೇ ಬೇರೆ ಕಡೆ ಹೋಗುತ್ತಾನೆ. ಯಂತ್ರಕ್ಕಾದರೆ ಸಿಟ್ಟಿಂಗ್ ಲೆಕ್ಕ, ಪ್ಯಾಕೇಜ್ ಲೆಕ್ಕ. ಯಂತ್ರ ಸಾಲದಲ್ಲಿ ಬಂದಿದ್ದರೆ ಕಂತು ಕಟ್ಟಬೇಕು, ಕಂತು ಕಟ್ಟಲು ಅದು ಓಡುತ್ತಿರಬೇಕು. ಹೀಗೆ ಯಾರೊಬ್ಬರೂ ಸುಳ್ಳು ಹೇಳದೆಯೇ, ಸರದಿಯಲ್ಲಿ ಕೊನೆಗಿರಬೇಕಾದದ್ದು ಮೊದಲಿಗೆ ಬಂದು ಕೂರುತ್ತದೆ.

ರೋಗಿಯ ಖರ್ಚು ಬಿಲ್ಲಿನಲ್ಲಿ ನಿಲ್ಲುವುದಿಲ್ಲ. ಪಾವಗಡದಿಂದ ತುಮಕೂರಿಗೆ ಸುಮಾರು ನೂರು ಕಿಲೋಮೀಟರ್. ಒಂದು ಸಿಟ್ಟಿಂಗ್ ಎಂದರೆ ಒಂದು ದಿನದ ಕೂಲಿ, ಎರಡು ಕಡೆಯ ಬಸ್ ಚಾರ್ಜು, ಹೆಂಗಸರಾದರೆ ಶಕ್ತಿ ಯೋಜನೆಯಲ್ಲಿ ಚಾರ್ಜು ಉಳಿಯುತ್ತದೆ, ದಿನ ಉಳಿಯುವುದಿಲ್ಲ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಂಥ ಯೋಜನೆ ಇರುವುದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾಗುವ ಚಿಕಿತ್ಸೆಗೆ; ಹೊರರೋಗಿಯಾಗಿ ಪಡೆಯುವ ಲೇಸರ್ ಪೂರ್ತಿ ಕೈಯಿಂದಲೇ.

ಹೋಲಿಕೆಗೆ, ಮಾರ್ಗಸೂಚಿ ಮೊದಲು ಇಡುವ ಚಿಕಿತ್ಸೆ ಹೇಗಿದೆ ನೋಡಿ. ತುಟಿ ಮುಚ್ಚಿ, ಮೇಲಿನ ಕೆಳಗಿನ ಹಲ್ಲುಗಳನ್ನು ಬಿಡಿಸಿ, ನಾಲಿಗೆಯ ತುದಿಯನ್ನು ಮೇಲಿನ ಮುಂಹಲ್ಲಿನ ಹಿಂದೆ ಅಂಗುಳಕ್ಕೆ ತಾಗಿಸಿ ಇಟ್ಟುಕೊಳ್ಳುವುದು ದವಡೆಯ ವಿಶ್ರಾಂತಿಯ ಭಂಗಿ. ಹಗಲಿನಲ್ಲಿ ನೆನಪಾದಾಗಲೆಲ್ಲ ಈ ಭಂಗಿಗೆ ಮರಳಬೇಕು. ನಾಲಿಗೆಯನ್ನು ಹಾಗೇ ಅಂಗುಳಕ್ಕೆ ತಾಗಿಸಿಕೊಂಡು ನೇರವಾಗಿ, ನಿಧಾನವಾಗಿ ಬಾಯಿ ತೆರೆದು ಮುಚ್ಚುವುದು ಮೊದಲ ವ್ಯಾಯಾಮ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯ ಶಾಖ, ಆಕಳಿಸುವಾಗ ಗಲ್ಲಕ್ಕೆ ಕೈ ಆಸರೆ, ಹೆಗಲಿಗೂ ಕಿವಿಗೂ ನಡುವೆ ಫೋನ್ ಸಿಕ್ಕಿಸುವ ಅಭ್ಯಾಸ ಬಿಡುವುದು. ಕಬ್ಬು, ಚಕ್ಕುಲಿ, ಹುರಿಗಡಲೆಗೆ ಕೆಲವು ವಾರ ರಜೆ. ಮೆತ್ತಗಿನ ಆಹಾರ ತಿನ್ನಿ ಎಂಬ ಸಲಹೆಯನ್ನು ಪಾಲಿಸುವುದರಲ್ಲಿ ಈ ಸೀಮೆಯವರಿಗೆ ಒಂದು ಅನುಕೂಲವಿದೆ: ಮುದ್ದೆಯನ್ನು ಹೇಗೂ ಅಗಿಯುವುದಿಲ್ಲ, ಬಸ್ಸಾರಿನಲ್ಲೋ ಹಿತಕಿದ ಬೇಳೆಯ ಸಾರಿನಲ್ಲೋ ಅದ್ದಿ ನುಂಗುವುದು.

ಪರೀಕ್ಷೆಗೆ ದೂರ ಹೋಗಬೇಕಾಗಿಲ್ಲ. ತುಮಕೂರಿನ ಶ್ರೀ ಸಿದ್ಧಾರ್ಥ ದಂತ ಮಹಾವಿದ್ಯಾಲಯ, ಕೋಲಾರ ಜಿಲ್ಲೆಯಲ್ಲಿ ಕೆಜಿಎಫ್ ದಂತ ಕಾಲೇಜು ಇವೆ. ಚಿಕ್ಕಬಳ್ಳಾಪುರದವರು ಜಿಲ್ಲಾಸ್ಪತ್ರೆಯ ದಂತ ವಿಭಾಗದಲ್ಲಿ ಮೊದಲು ತೋರಿಸಬಹುದು. ದಂತ ಕಾಲೇಜುಗಳಲ್ಲಿ ಕೇಳಬೇಕಾದದ್ದು ಬಾಯಿಯ ರೋಗಗಳನ್ನು ನೋಡುವ ಓರಲ್ ಮೆಡಿಸಿನ್ ವಿಭಾಗ.

ಯಾರು ಕೊಡಬಹುದು, ಯಾರು ಕೇಳಬಹುದು

ಲೇಸರ್ ಚಿಕಿತ್ಸೆಯನ್ನು ಹಲ್ಲಿನ ವೈದ್ಯರೂ ಕೊಡುತ್ತಾರೆ, ಫಿಸಿಯೋಥೆರಪಿಸ್ಟರೂ ಕೊಡುತ್ತಾರೆ. ವೈದ್ಯರಿಗೂ ಫಿಸಿಯೋಥೆರಪಿಸ್ಟರಿಗೂ ನಡುವಿನ ಗಡಿಯ ಜಗಳ ದೇಶದ ಮಟ್ಟದಲ್ಲೂ ಬಗೆಹರಿದಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ, ಫಿಸಿಯೋಥೆರಪಿಸ್ಟರು ಹೆಸರಿನ ಹಿಂದೆ 'ಡಾ.' ಹಾಕಿಕೊಳ್ಳಬಾರದು ಎಂದು ಪತ್ರ ಬರೆದು ಮರುದಿನವೇ ಅದನ್ನು ಹಿಂತೆಗೆದುಕೊಂಡಿತು. ರೋಗಿಗೆ ಬೇಕಾದ ಪ್ರಶ್ನೆ ಅದಲ್ಲ. ಲೇಸರ್‌ಗೆ ಮುನ್ನ ಬಾಯೊಳಗೆ ಯಾರು ನೋಡಿದರು ಎಂಬುದು ಅವನ ಪ್ರಶ್ನೆ.

ಕಾನೂನುಗಳ ಕೊರತೆಯಿಲ್ಲ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರ ಪ್ರಕಾರ ಕ್ಲಿನಿಕ್ಕುಗಳ ಜೊತೆ ಫಿಸಿಯೋಥೆರಪಿ ಕೇಂದ್ರಗಳೂ ನೋಂದಾಯಿಸಿಕೊಳ್ಳಬೇಕು, ದರಗಳನ್ನು ಎದ್ದುಕಾಣುವಂತೆ ಹಾಕಬೇಕು; ದೂರು ಕೇಳಲು ಜಿಲ್ಲಾಧಿಕಾರಿಯ ನೇತೃತ್ವದ ಪ್ರಾಧಿಕಾರವಿದೆ. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಉಪಕರಣಗಳೂ ಔಷಧ ಕಾಯ್ದೆಯ ಅಡಿ ಬಂದಿವೆ, ಅಪಾಯದ ವರ್ಗಕ್ಕೆ ತಕ್ಕಂತೆ 2022 ಮತ್ತು 2023ರಲ್ಲಿ ಪರವಾನಗಿ ಕಡ್ಡಾಯವಾಗಿದೆ. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಹತ್ತು ಲಕ್ಷ ರೂಪಾಯಿವರೆಗೆ ದಂಡವಿದೆ. ಆದರೆ ಇವೆಲ್ಲ ಯಂತ್ರ ಸುರಕ್ಷಿತವೇ, ಅಂಗಡಿ ನೋಂದಾಯಿತವೇ, ಜಾಹೀರಾತು ಸುಳ್ಳೇ ಎಂದು ಕೇಳುತ್ತವೆ. ಈ ರೋಗಿಗೆ ಈ ಯಂತ್ರ ಬೇಕಿತ್ತೇ ಎಂದು ಕೇಳುವ ಕಾನೂನು ಯಾವುದೂ ಇಲ್ಲ, ಇರುವುದೂ ಕಷ್ಟ.

ಮುಂದೆ ಆಗಬಹುದಾದದ್ದು

ಯಂತ್ರಗಳು ಅಗ್ಗವಾಗುತ್ತಿವೆ. ಮನೆಯಲ್ಲೇ ಬಳಸುವ ಟೆನ್ಸ್ ಪಟ್ಟಿ, ಕೆಂಪು ದೀಪದ ಪಟ್ಟಿಗಳು ಆನ್‌ಲೈನ್ ಅಂಗಡಿಗಳಲ್ಲಿ ಈಗಾಗಲೇ ಇವೆ. ಇವು ಹಬ್ಬಿದಂತೆ ಸಿಟ್ಟಿಂಗ್‌ಗಳ ದರ ಇಳಿಯಬಹುದು. ಪರೀಕ್ಷೆಯಿಲ್ಲದೆ ಚಿಕಿತ್ಸೆ ಶುರುಮಾಡಿಕೊಳ್ಳುವವರು ಹೆಚ್ಚಬಹುದು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ವೈದ್ಯರನ್ನು ಕೇಳದೆ ಟೆನ್ಸ್ ಬಳಸಬಾರದು, ಯಾರೇ ಆಗಲಿ ಕತ್ತಿನ ಮುಂಭಾಗಕ್ಕೆ ಅದನ್ನು ಅಂಟಿಸಬಾರದು ಎಂಬ ಎಚ್ಚರಿಕೆ ಪೆಟ್ಟಿಗೆಯೊಳಗಿನ ಇಂಗ್ಲಿಷ್ ಹಾಳೆಯಲ್ಲಿ ಸಣ್ಣಕ್ಷರದಲ್ಲಿ ಉಳಿಯುತ್ತದೆ.

ಇನ್ನೊಂದು ಸಾಧ್ಯತೆ ಒಳ್ಳೆಯದು. ಪ್ರಮಾಣವನ್ನು ಸರಿಯಾಗಿ ದಾಖಲಿಸಿದ, ದೊಡ್ಡ, ದೀರ್ಘ ಪ್ರಯೋಗಗಳು ಬಂದರೆ ಸ್ನಾಯುನೋವಿನ ಯಾವುದೋ ಒಂದು ಗುಂಪಿಗೆ ಲೇಸರ್ ನಿಜಕ್ಕೂ ಉಪಯುಕ್ತ ಎಂದು ಸಾಬೀತಾಗಬಹುದು, ಆಗ ಮಾರ್ಗಸೂಚಿ ಬದಲಾಗುತ್ತದೆ. ಷರತ್ತಿನ ಶಿಫಾರಸುಗಳು ಬದಲಾಗುವುದು ಹೊಸದೇನಲ್ಲ. ಅಲ್ಲಿಯವರೆಗೆ, ಬಾಯಿ ಪರೀಕ್ಷೆಯಾಗಿ, ವ್ಯಾಯಾಮ ಶುರುವಾಗಿ, ಅದರ ಜೊತೆಗೆ ಕೆಲವು ಸಿಟ್ಟಿಂಗ್ ಲೇಸರ್ ಪ್ರಯತ್ನಿಸುತ್ತೇನೆ ಎನ್ನುವವರನ್ನು ತಡೆಯಲು ಕಾರಣವಿಲ್ಲ. ಅಂಥವರು ಪೂರ್ತಿ ಪ್ಯಾಕೇಜಿಗೆ ಮುಂಗಡ ಕಟ್ಟದೆ ಒಂದೊಂದು ಸಿಟ್ಟಿಂಗ್‌ಗೆ ಕಟ್ಟಲಿ, ಪ್ರತಿ ಸಲ ತರಂಗಾಂತರ, ಜೌಲ್, ಬಿಂದುಗಳ ಸಂಖ್ಯೆಯನ್ನು ಚೀಟಿಯಲ್ಲಿ ಬರೆಸಿಕೊಳ್ಳಲಿ, ಬಾಯಿ ಎಷ್ಟು ಮಿಲಿಮೀಟರ್ ತೆರೆಯಿತು ಎಂದು ಮೊದಲ ದಿನವೂ ಎರಡು ವಾರದ ಬಳಿಕವೂ ಅಳೆಸಲಿ. ಎರಡು ವಾರದಲ್ಲಿ ಆ ಅಂಕಿಯೂ ನೋವೂ ಅಲ್ಲೇ ನಿಂತಿದ್ದರೆ ಉಳಿದ ಸಿಟ್ಟಿಂಗ್‌ಗಳ ದುಡ್ಡಿನಲ್ಲಿ ದಂತ ಕಾಲೇಜಿಗೆ ಹೋಗಿ ಇನ್ನೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬಹುದು.